‘ಹೋತು’ ಅನ್ನದ ಅಣ್ಣ

ನಮ್ಮಣ್ಣ ಸೋತದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಸೋತೆ ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಬಹಳ ಕಾಲ ಕೇಳಿರಲಿಲ್ಲ.

ಶಿಕಾರಿಪುರ ಮತ್ತು ಸೊರಬ, ಈ ಎರಡು ತಾಲ್ಲೂಕುಗಳಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡಿರುವವರು ನಾವು ಕೆಲವರು. ವರ್ಷಕ್ಕೊಮ್ಮೆ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಟ್ಟುಕೊಳ್ಳುತ್ತೇವೆ. ಸುಗ್ಗಿ ಮುಗಿದಿರಬೇಕು, ಯಾವುದಾದರೂ ಒಂದು ಕೆರೆ ಬತ್ತಿರಬೇಕು. ಬತ್ತಿದ ಕೆರೆಯ ಅಂಗಳದಲ್ಲಿ ಎರಡು ಗಳ ನೆಟ್ಟು, ಅಡ್ಡಕ್ಕೊಂದು ಕಟ್ಟಿ, ತೆಂಗಿನ ಹುರಿಯಲ್ಲಿ ಕಾಯಿ ಇಳಿಬಿಡುತ್ತೇವೆ. ಅದರ ಹಿಂದೆ ಕೆರೆಯ ಏರಿ ಇರುವುದರಿಂದ ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಒಂದು ವರ್ಷ ಸೊರಬದ ಕಡೆ, ಒಂದು ವರ್ಷ ಶಿಕಾರಿಪುರದ ಕಡೆ ಎಂಬುದು ಲೆಕ್ಕ. ಸೊರಬದ ಕ್ಯಾಸನೂರು ಸುತ್ತಿನಲ್ಲಿ ಎಲ್ಲಾದರೂ ಮಂಗ ಸತ್ತಿದೆ ಎಂಬ ಸುದ್ದಿ ಬಂದರೆ ಮಾತ್ರ, ಮಂಗನ ಕಾಯಿಲೆಗೆ ಹೆದರಿ, ಲೆಕ್ಕ ಬಿಟ್ಟು ಎಲ್ಲರೂ ಶಿಕಾರಿಪುರದ ಅಂಬ್ಲಿಗೊಳದ ಕಡೆಯೇ ಹೋಗುತ್ತೇವೆ. ಕಾಯಿಲೆಯ ಮುಂದೆ ಯಾರ ಸರದಿ ಎಂದು ವಾದಿಸುವವರು ನಮ್ಮಲ್ಲಿಲ್ಲ.

ನಮ್ಮ ಪಂದ್ಯದಲ್ಲಿ ಒಂದು ಪದ್ಧತಿ ಇದೆ. ಗುಂಡು ಹೊಡೆದವನು ಕೋವಿ ಇಳಿಸಿ, ತನ್ನ ಹೊಡೆತ ಏನಾಯಿತೆಂದು ತಾನೇ ಕೂಗಿ ಹೇಳಬೇಕು. ಕಾಯಿಗೆ ಬಿದ್ದಿದ್ದರೆ ‘ತಾಗ್ತು’. ತಪ್ಪಿದ್ದರೆ ‘ಹೋತು’. ಅವನು ಹೇಳಿದ ಮೇಲೆಯೇ ಕಾಯಿಯ ಪಕ್ಕದ ಗುಂಡಿಯಲ್ಲಿ ಮರಳ ಚೀಲಗಳ ಮರೆಯಲ್ಲಿ ಕೂತಿರುವಾತ ಬಾವುಟ ಎತ್ತುವುದು. ತಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹೊಸಬರು ನಗುತ್ತಾರೆ, ಬಾವುಟ ಇದ್ದ ಮೇಲೆ ಬಾಯಿ ಯಾಕೆ ಎನ್ನುತ್ತಾರೆ. ಇದು ಹೊಲದಿಂದ ಬಂದ ಪದ್ಧತಿ. ಜೋಳ ಕಾಯುವಾಗ ಹಂದಿ ಬೆದರಿಸಲು ಒಂದು ಗುಂಡು ಹಾರಿಸಿದರೂ ಪಕ್ಕದ ಹೊಲದವರಿಗೆ ಯಾವ ಕಡೆ ಹಾರಿಸಿದೆ ಎಂದು ಕೂಗಿ ಹೇಳಬೇಕಿತ್ತು. “ಬಿಟ್ಟ ಗುಂಡು ಎಲ್ಲಿ ಹೋತು ಅಂತ ಹೇಳಾಕ ಬರದವನು ಕೋವಿ ಮುಟ್ಟಬಾರದು” ಎಂದು ನಮ್ಮಪ್ಪ ಹೇಳುತ್ತಿದ್ದರು.

ನಮ್ಮಿಬ್ಬರಿಗೂ ಕೋವಿ ಹಿಡಿಯಲು ಕಲಿಸಿದವರು ಅಪ್ಪನೇ. ನಾನು ಹುಡುಗಿ, ಅವನು ಹಿರಿಮಗ. ನನ್ನ ಗುಂಡು ತಪ್ಪಿದರೆ ಅಪ್ಪ ನಕ್ಕುಬಿಡುತ್ತಿದ್ದರು. ಅಣ್ಣನದು ತಪ್ಪಿದರೆ, ಬಂದವರ ಹೋದವರ ಎದುರಿಗೇ, “ನಿನಗಿಂತ ಈಕೀನ ವಾಸಿ” ಎನ್ನುತ್ತಿದ್ದರು. ನನಗೆ ಆಗ ಅದು ಹೊಗಳಿಕೆಯಾಗಿ ಕೇಳುತ್ತಿತ್ತು. ಅವನಿಗೆ ಹೇಗೆ ಕೇಳುತ್ತಿತ್ತೆಂದು ಯೋಚಿಸುವ ವಯಸ್ಸೂ ಅಲ್ಲ, ಮನಸ್ಸೂ ಇರಲಿಲ್ಲ.

ಮದುವೆಯಾಗಿ ಸೊರಬ ತಾಲ್ಲೂಕಿನ ಕಾಡಂಚಿನ ಊರಿಗೆ ಬಂದೆ. ಯಜಮಾನರು ತೀರಿಕೊಂಡ ಮೇಲೆ ಕೋವಿಯ ಲೈಸೆನ್ಸು ನನ್ನ ಹೆಸರಿಗಾಯಿತು, ಪಂದ್ಯಕ್ಕೂ ಹೋಗತೊಡಗಿದೆ. ಅಣ್ಣ ಶಿಕಾರಿಪುರದಲ್ಲಿ ಕಾಳುಕಡಿಯ ವ್ಯಾಪಾರ ಮಾಡುತ್ತಾನೆ, ಜಮೀನೂ ಇದೆ. ವ್ಯಾಪಾರದಲ್ಲಿ ಅವನಷ್ಟು ನೇರ ಮನುಷ್ಯ ಸಿಗುವುದು ಕಷ್ಟ. ಕೋವಿ ಹಿಡಿದು ಗೆರೆಯ ಮೇಲೆ ನಿಂತನೋ, ಬೇರೆಯೇ ಆಸಾಮಿ. ಗುಂಡು ತಪ್ಪಿದರೆ, “ಗಾಳಿ ಬಂತು” ಎನ್ನುವನು. ಎಲೆಯೂ ಅಲ್ಲಾಡದ ದಿನ, “ಕಾಯಿ ತೂಗಾಡ್ತು” ಎನ್ನುವನು. ಎರಡೂ ಹೇಳಲಾಗದಿದ್ದರೆ, “ತಾಗೈತಿ, ಸಿಪ್ಪಿ ಸವರಿಕೊಂಡು ಹೋಗೈತಿ, ಕಣ್ಣು ಬಿಟ್ಟು ನೋಡ್ರಿ” ಎಂದು ಬಾವುಟದವನ ಮೇಲೆ ಹರಿಹಾಯುವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದಿನಿಂದ ಚಹಾ ಕೊಟ್ಟು ಸಮಾಧಾನ ಮಾಡುತ್ತಿದ್ದರು. ನಾನೂ ನಕ್ಕಿದ್ದೇನೆ. ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು, ನಿಜವಾಗಿಯೂ ತಾಗಿದಂತೆ ಕಾಣುತ್ತದೋ ಏನೋ ಎಂದು ಅವನ ಪರವಾಗಿ ನನಗೆ ನಾನೇ ಹೇಳಿಕೊಂಡದ್ದೂ ಇದೆ.

ಒಂದು ವರ್ಷ ಕೊನೆಗೆ ಉಳಿದವರು ನಾವಿಬ್ಬರೇ ಆದೆವು. ಅಣ್ಣ, ತಂಗಿ ಎಂದು ಜನಕ್ಕೆ ಖುಷಿ. ಒಂದೊಂದೇ ಗುಂಡು ಬಾಕಿ. ಮೊದಲು ಅವನ ಸರದಿ. ಹೊಡೆದ. ಕಾಯಿ ಇದ್ದ ಹಾಗೇ ಇತ್ತು. “ತಾಗ್ತು” ಎಂದ. ಕೆಂಪು ಬಾವುಟ ಎದ್ದಿತು.

ನಮ್ಮ ಪಂದ್ಯದ ಗೆರೆ ಕಾಯುವವರು ಕುರಿ ಸಾಕುವ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಾರೆ. ಕುರಿಗೂ ನಮಗೂ ಒಂದೇ ದನಿಯಲ್ಲಿ ಗದರುತ್ತಾರೆ. ಸುಣ್ಣದ ಗೆರೆಯ ಹಿಂದೆ ಯಾರು ನಿಲ್ಲಬೇಕು, ಯಾವಾಗ ಮುಂದೆ ಹೋಗಬೇಕು ಎಂಬುದೆಲ್ಲ ಅವರ ಸೀಟಿಯ ಮೇಲೆ. ಅವರು ನನಗೆ ಸೀಟಿ ಊದಿದರು. ನಾನು ತೋಟಾ ತುಂಬಿ, ಕೋವಿಯನ್ನು ಭುಜಕ್ಕೆ ಕೊಟ್ಟು, ಒಂದು ಕಣ್ಣು ಮುಚ್ಚಿದೆ. ನಳಿಗೆಯ ತುದಿಯ ಮಣಿ ಕಾಯಿಯ ಮೇಲೆ ಕೂತಿತು. ಉಸಿರು ಬಿಟ್ಟು ಬೆರಳು ಒತ್ತತೊಡಗಿದೆ.

ಮಣಿಯ ಮೇಲೆ ಬಿಳಿ ಅಂಗಿ ಬಂತು.

ಅಣ್ಣ ಗೆರೆ ದಾಟಿ, ಕಾಯಿಯನ್ನು ತಾನೇ ನೋಡಿ ತೋರಿಸುತ್ತೇನೆಂದು, ನನ್ನ ನಳಿಗೆಯ ಎದುರಿಗೇ ನಡೆದು ಹೊರಟಿದ್ದ. ಬೆರಳು ಹೇಗೆ ನಿಂತಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಟ್ರಿಗರಿನಲ್ಲಿ ಮೊದಲ ಸಡಿಲು ಮುಗಿದು ಗಟ್ಟಿ ಜಾಗ ಬರುತ್ತದಲ್ಲ, ಅದನ್ನು ದಾಟುತ್ತಿದ್ದೆ. ಕೂದಲೆಳೆ ಉಳಿದಿತ್ತು. ಕೋವಿ ಇಳಿಸಿ, ನಳಿಗೆ ಮಡಚಿ ತೆರೆದು, ತೋಟಾ ಹೊರಗೆ ತೆಗೆದೆ. ತೋಟಾ ಕೈಜಾರಿ ಕೆಳಗೆ ಬಿತ್ತು. ನೋಡಿದವರು, ಪಾಪ, ಹೆಣ್ಣುಮಗಳು ಬೆಚ್ಚಿದಳು ಅಂದುಕೊಂಡರು. ಬೆರಳು ಎಲ್ಲಿಯವರೆಗೆ ಹೋಗಿತ್ತೆಂಬುದು ನನಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳಲಿಲ್ಲ.

ಅಜ್ಜ ಸೀಟಿ ಊದುತ್ತಲೇ ಇದ್ದರು. ಅಣ್ಣ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಸಿಗದೆ, ವಾಪಸ್ಸು ಬಂದು ಎಲ್ಲರೆದುರು ನನ್ನನ್ನೇ ಕೇಳಿದ.

“ನೀ ಹೇಳು. ನಿನ್ನ ಕಣ್ಣು ಚಲೋ ಅದಾವಲ್ಲ. ತಾಗಿಲ್ಲೇನು?”

“ತಾಗಿಲ್ಲ. ಹೋತು. ಅದಿರಲಿ, ನೀನು ಗೆರೆ ದಾಟಿದಿ.”

“ತವರು ಮರೆತು ಕೊಟ್ಟ ಮನಿ ಕಡಿ ಮಾತಾಡ್ತಿ” ಎಂದು ಕೋವಿ ಎತ್ತಿಕೊಂಡು ಹೊರಟುಹೋದ. ನಾನು ಹೊಡೆಯದೇ ಕೂತೆ. ಆ ವರ್ಷ ಗೆದ್ದವರು ಯಾರೂ ಇಲ್ಲ.

ಅಂದು ಸಂಜೆಯೇ ಪಂದ್ಯ ನಡೆಸುವವರು ಕೂತು ಮಾತಾಡಿದರು. ತುಂಬಿದ ಕೋವಿಯ ಮುಂದೆ ನಡೆದವನನ್ನು ಇನ್ನು ಕರೆಯಬಾರದು ಎಂದರು ಅಜ್ಜ. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಅಣ್ಣ ಎಂಬ ಕಾರಣಕ್ಕೆ ಹಾಗೆ ಮಾಡುವುದು ಬೇಡ ಎಂದು ನಾನು ಹೇಳಿದ್ದರೆ ಅವರು ಬಿಟ್ಟುಬಿಡುತ್ತಿದ್ದರು. ನಮ್ಮ ಕಡೆ ದಾಕ್ಷಿಣ್ಯ ಜಾಸ್ತಿ. ನನಗೆ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಿತ್ತು. “ತಪ್ಪಿದಾಗ ‘ಹೋತು’ ಅಂತ ಅವನೇ ಹೇಳ್ತೀನಿ ಅಂದ್ರೆ ಬರಲಿ. ಅಲ್ಲಿವರೆಗೆ ಬೇಡ” ಎಂದೆ. ಹಾಗಾದರೆ ಅದನ್ನು ನೀವೇ ಹೇಳಿಬಿಡಿ ಎಂದು ಆ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು.

ಶಿಕಾರಿಪುರದ ಬಸ್ಸು ಹತ್ತಿ ಅವನ ಅಂಗಡಿಗೆ ಹೋದೆ. ಗಿರಾಕಿಗಳೆಲ್ಲ ಹೋಗುವವರೆಗೆ ಚೀಲದ ಮೇಲೆ ಕೂತಿದ್ದು, ಆಮೇಲೆ ಹೇಳಿದೆ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ತವರಿಗೆ ಬರೋ ದಾರಿ ನೀನ ಮುಚ್ಚಿಕೊಂಡಿ” ಎಂದ, ಅಷ್ಟೆ. ಅತ್ತಿಗೆ ಒಳಗಿನಿಂದ ತಂದ ಚಹಾ ನನ್ನ ಕೈಯಲ್ಲೇ ತಣ್ಣಗಾಯಿತು.

ಅಪ್ಪ ಅವ್ವ ಇಬ್ಬರೂ ಇಲ್ಲದ ಮೇಲೆ ಹೆಣ್ಣಿಗೆ ತವರೆಂದರೆ ಅಣ್ಣನೇ. ನಮ್ಮಲ್ಲಿ ನಾಗರ ಪಂಚಮಿಗೆ ಅಣ್ಣಂದಿರು ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಾರೆ. ಮದುವೆಯಾದಾಗಿನಿಂದ ಅವನು ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ. ಯಜಮಾನರು ಹೋದ ವರ್ಷ, ಹಬ್ಬ ಇಲ್ಲದಿದ್ದರೂ, ಸುಮ್ಮನೆ ಬಂದು ಜಗಲಿಯ ಮೇಲೆ ಕೂತು ಹೋಗಿದ್ದ. ಆ ವರ್ಷ ಪಂಚಮಿಗೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಬ್ಯಾಗಿಗೆ ಎರಡು ಸೀರೆ ಹಾಕಿಟ್ಟಿದ್ದೆ. ಮಳೆ ಬಿಟ್ಟಾಗಲೆಲ್ಲ ರಸ್ತೆಯ ಕಡೆ ನೋಡುತ್ತಿದ್ದೆ. ಸಂಜೆ ಬ್ಯಾಗಿನಿಂದ ಸೀರೆ ತೆಗೆದು ಮತ್ತೆ ಮಡಚಿಡುವಾಗ ಅತ್ತುಬಿಟ್ಟೆ. ಒಂದು ತೆಂಗಿನಕಾಯಿಗಾಗಿ ಅಣ್ಣನನ್ನು ಕಳೆದುಕೊಂಡಳು ಎಂದು ಊರಿನವರು ಆಡಿದ್ದು ಕಿವಿಗೆ ಬಿತ್ತು. ಕಾಯಿಯ ಮಾತಲ್ಲ ಎಂದು ಅವರಿಗೆ ಹೇಗೆ ಹೇಳುವುದು. ಹೇಳಹೊರಟರೆ ಬೆರಳಿನ ಮಾತೂ ಬರುತ್ತಿತ್ತು.

ಮರುವರ್ಷ ಪಂದ್ಯ ಶಿಕಾರಿಪುರದ ಕಡೆ. ಹಿಂದಿನ ದಿನ ಅತ್ತಿಗೆ ಫೋನು ಮಾಡಿ, “ನಿಮ್ಮಣ್ಣ ಕೋವಿ ಒರಸಾಕ ಹತ್ಯಾರ. ನಾಳೆ ಬರ್ತಾರಂತ ಕಾಣ್ತೈತಿ. ಏನೂ ಕೇಳಬ್ಯಾಡ್ರಿ” ಎಂದರು. ನಾನು ಏನೂ ಕೇಳಲಿಲ್ಲ.

ಬಂದ. ಅಜ್ಜನ ಹತ್ತಿರ ಹೋಗಿ ಏನೋ ಹೇಳಿದ, ಅಜ್ಜ ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ. ಸರದಿ ಬಂದಾಗ ಗೆರೆಯ ಹಿಂದೆ, ಬೆರಳಷ್ಟೂ ಮುಂದೆ ಬಾರದಂತೆ, ನಿಂತ. ಹೊಡೆದ. ಕಾಯಿ ದೊಪ್ಪನೆ ನೆಲಕ್ಕೆ ಬಿತ್ತು.

ಜನ ಚಪ್ಪಾಳೆ ಹೊಡೆದುಬಿಟ್ಟರು. ವರ್ಷವಿಡೀ ಮುನಿಸಿಕೊಂಡು ದೂರ ಉಳಿದು ಬಂದವನಿಗೆ ಮೊದಲ ಗುಂಡಿಗೇ ಕಾಯಿ ಬಿತ್ತಲ್ಲ ಎಂದು ನನಗೂ ಹಿಗ್ಗಾಯಿತು. ಬಾವುಟದವನು ಪದ್ಧತಿಯನ್ನೂ ಮರೆತು ಆಗಲೇ ಹಸಿರು ಎತ್ತಿದ್ದ. ಅಣ್ಣ ಕೋವಿ ಇಳಿಸಿ ನಿಂತಿದ್ದ. ಏರಿಯ ಕಡೆಯೇ ನೋಡುತ್ತಿದ್ದ.

“ಹೋತು” ಎಂದ.

ಚಪ್ಪಾಳೆ ನಿಂತಿತು. “ಕಾಯಿ ಬಿದ್ದೈತಲ್ಲೋ” ಎಂದರು ಅಜ್ಜ.

“ಹುರಿ ಹರಿದು ಬಿದ್ದೈತಿ, ಅಜ್ಜ. ನನ್ನ ಗುಂಡು ಕಾಯಿಯಿಂದ ಒಂದು ಗೇಣು ಎಡಕ್ಕ ಹೋತು. ಏರಿ ಮಣ್ಣಾಗ ಐತಿ, ನೋಡ್ರಿ.”

ಎಲ್ಲರ ಕೋವಿಯೂ ಖಾಲಿಯಾಗಿದೆಯೆಂದು ನೋಡಿಕೊಂಡು ಅಜ್ಜ ಸೀಟಿ ಊದಿದರು. ಹೋಗಿ ನೋಡಿದೆವು. ಕಾಯಿಗೆ ಒಂದು ಗೀರೂ ಇರಲಿಲ್ಲ. ಹಿಂದಿನ ಹೊಡೆತಗಳಿಗೆ ಜಗ್ಗಿ ಜಗ್ಗಿ ಸವೆದಿದ್ದ ಹುರಿ ಗಂಟಿನ ಹತ್ತಿರ ತಾನಾಗಿ ಕಿತ್ತಿತ್ತು. ಎಡಕ್ಕೆ, ಅವನು ಹೇಳಿದ ಜಾಗದಲ್ಲೇ, ಏರಿಯಲ್ಲಿ ಹಸಿ ತೂತು. ಜನ ಅವನ ಬೆನ್ನು ತಟ್ಟಿದರು. ಅಜ್ಜ ಯಾರನ್ನೂ ಹೊಗಳುವವರಲ್ಲ. ಅವರೂ ಅವನ ಭುಜದ ಮೇಲೆ ಕೈ ಇಟ್ಟರು.

ನನಗೆ ಮಾತ್ರ ಬೇರೆಯೇ ಯೋಚನೆ ಬಂತು. ಕಣ್ಣು ಮಂಜಾದವನು ಗೇಣಿನ ಲೆಕ್ಕ ಹೇಳಲಾರ. ಹಾಗಾದರೆ ಗಾಳಿ ಎಂದಾಗ, ಸಿಪ್ಪೆ ಸವರಿತು ಎಂದಾಗ, ಪ್ರತಿ ಸಲವೂ ಅವನಿಗೆ ಗೊತ್ತಿತ್ತು. ಜನ ಚಹಾದ ಕಡೆ ಹೋದ ಮೇಲೆ ಹತ್ತಿರ ಹೋದೆ. ನೆರಳಿನಲ್ಲಿ ಕೂತು ನಳಿಗೆ ಒರೆಸುತ್ತಿದ್ದ.

“ಮೊದಲಿಂದಲೂ ಗೊತ್ತಾಗ್ತಿತ್ತೇನು, ಅಣ್ಣ?”

“ಹಿಡಿದ ಕೈಗೆ ಗೊತ್ತಾಗದಂಗ ಇರ್ತೈತೇನವ್ವ.” ನಳಿಗೆ ಒರೆಸುತ್ತಲೇ, “ಹೇಳಾಕ ಹೋದ್ರ ಅಪ್ಪ ಎದುರಿಗೆ ನಿಂತಂಗ ಆಗ್ತಿತ್ತು” ಎಂದ.

“ಅವತ್ತೂ ಗೊತ್ತಿತ್ತಾ? ಗೆರೆ ದಾಟಿದಾಗ?”

“ಗೊತ್ತಿತ್ತು. ನೀ ತುಂಬಿಕೊಂಡು ನಿಂತಿದ್ದೂ ಗೊತ್ತಿತ್ತು. ನೀ ಹೊಡಿಯಂಗಿಲ್ಲ ಅಂತಾನೂ ಗೊತ್ತಿತ್ತು.” ಇಷ್ಟು ಹೇಳಿ ಸ್ವಲ್ಪ ನಕ್ಕ.

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. “ನನಗೆ ಗೊತ್ತಿರಲಿಲ್ಲ, ಅಣ್ಣ. ನಾನು ಒತ್ತಿದ್ದೆ. ಗಟ್ಟಿ ಜಾಗಕ್ಕೆ ಬಂದಿದ್ದೆ. ಆಮೇಲೆ ನಿನ್ನ ಅಂಗಿ ಕಂಡಿದ್ದು.”

ಅವನು ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ನನ್ನ ಮುಖ ನೋಡಿದ, ಆಮೇಲೆ ನನ್ನ ಬಲಗೈ ನೋಡಿದ. ಅಂದು ಅವನು ಎರಡನೆಯ ಗುಂಡು ಹೊಡೆಯಲೂ ಇಲ್ಲ. ತನ್ನ ಪಾಲಿಗೆ ಉಳಿದ ತೋಟಾಗಳನ್ನು ಅಜ್ಜನ ಚಾಪೆಯ ಮೇಲಿಟ್ಟು ಮನೆಗೆ ಹೋದ. ಹೇಳಬಾರದಿತ್ತೇ ಎಂದು ನಾನು ಎಷ್ಟೋ ದಿನ ಕೊರಗಿದೆ.

ಪಂಚಮಿಗೆ ಬಂದ. ಮಳೆಯಲ್ಲಿ ಛತ್ರಿ ಮಡಚುತ್ತ ಜಗಲಿ ಹತ್ತಿದ. ನೀರು ಕೊಟ್ಟೆ. ಕುಡಿದು, ಕೋವಿಯನ್ನು ಠಾಣೆಗೆ ಒಪ್ಪಿಸಿಬಿಟ್ಟೆನೆಂದೂ ಇನ್ನು ಲೈಸೆನ್ಸು ಬೇಡವೆಂದು ಬರೆದುಕೊಟ್ಟೆನೆಂದೂ ಹೇಳಿದ.

“ಯಾಕಣ್ಣ? ಈಗ ಹೇಳೋದು ಕಲಿತಿಯಲ್ಲ.”

“ಗುಂಡು ಎಲ್ಲಿ ಹೋತು ಅಂತ ಯಾವಾಗಲೂ ಗೊತ್ತಿತ್ತವ್ವ” ಎಂದ. “ಅವತ್ತು ನಾ ಎಲ್ಲಿ ಹೊಂಟೀನಿ ಅಂತ ಗೊತ್ತಿರಲಿಲ್ಲ. ನಿನ್ನ ಕೈಲೆ ಎಂಥಾ ಕೆಲಸ ಮಾಡಿಸ್ತಿದ್ದೆ.”

ಹೇಳುವಾಗ ಅವನು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾವಿಬ್ಬರೂ ಅತ್ತೆವು, ಮರೆಮಾಡಲಿಲ್ಲ. ಆಮೇಲೆ ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಈ ಸಲವೂ ನಾನು ಬ್ಯಾಗು ಮೊದಲೇ ತುಂಬಿಟ್ಟಿದ್ದೆ. ಬಾಗಿಲಿಗೆ ಬೀಗ ಹಾಕಿ ಅವನ ಹಿಂದೆ ಹೊರಟೆ.