ಅಂಬಮ್ಮ ಸಾಕಿದ ಎರೆಭೂತದ ಮರಿ

ಹಚ್ಚೊಳ್ಳಿಯ ಅಂಬಮ್ಮ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಕುರಿ ಕಾಯ್ದು, ತಾಯಿಯಿಲ್ಲದ ತಮ್ಮ ಅಯ್ಯಣ್ಣನನ್ನು ಬೆಳೆಸಿದವಳು. ಊರಾಚೆ, ಕಾಲುವೆ ನೀರು ಇನ್ನೂ ಹತ್ತದ ಎರೆಭೂಮಿಯಲ್ಲಿ ಮೊಣಕಾಲುದ್ದ ಹುಲ್ಲಿತ್ತು. ಅಲ್ಲಿ ಎರೆಭೂತಗಳಿದ್ದವು. ಕುರಿಯಷ್ಟು ಎತ್ತರದ, ಬಿಳಿ ಕೊರಳಿನ ಹಕ್ಕಿ. ಈಗ ಕಂಡು ಈಗ ಮಾಯವಾಗುವುದರಿಂದ ಜನ ಇಟ್ಟ ಹೆಸರು. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಒಂದು ಹೆಣ್ಣು ಎಲ್ಲಿ ಕಾವಿಗೆ ಕೂರುತ್ತದೆಂದು ಅಂಬಮ್ಮನಿಗೆ ಗೊತ್ತಿತ್ತು. ಆ ಕಡೆ ಕುರಿ ಬಿಡುತ್ತಿರಲಿಲ್ಲ. ಯಾರಿಗೂ ಹೇಳಿರಲೂ ಇಲ್ಲ.

೧೯೬೮ರ ಮಳೆಗಾಲದಲ್ಲಿ ಅಯ್ಯಣ್ಣ ಬಳ್ಳಾರಿಯಿಂದ ಬಂದ. ಅಲ್ಲಿ ತಿಪ್ಪೇರುದ್ರಪ್ಪನೆಂಬ ಗಿರಣಿ ಸಾವ್ಕಾರನೊಬ್ಬ ತನ್ನ ತೋಟದಲ್ಲಿ ಜಿಂಕೆ, ನವಿಲು ಸಾಕಿದ್ದ.

“ಅಕ್ಕಾ, ಯಾವ ಝೂದಾಗೂ ಇಲ್ಲದ ಹಕ್ಕಿ ಬೇಕಂತಾರ ಸಾವ್ಕಾರ್ರು. ಎರಿಭೂತ ಹಿಡಕೊಟ್ರ ತ್ವಾಟದಾಗ ಕಾಯಂ ಕೆಲಸ ಕೊಡ್ತಾರಂತ. ನಿನಗ ಜಾಗ ಗೊತ್ತೈತಲ್ಲ?”

“ಅದು ಕಾವಿಗೆ ಕುಂತೈತೋ ತಮ್ಮಾ.”

“ಹೆಣ್ಣು ಕೇಳಾಕ ಹೋದ್ರ ಏನ್ ಕೆಲಸ ಅಂತಾರ. ಏನಂತ ಹೇಳ್ಲಿ?”

ಅಂಬಮ್ಮ ರಾತ್ರಿಯೆಲ್ಲ ಹೊರಳಾಡಿದಳು. ಬೆಳಗ್ಗೆ ಹುಲ್ಲಿನ ಅಂಚಿನಲ್ಲಿ ನಿಂತು ಕೈಮಾಡಿ ತೋರಿಸಿ ಬೆನ್ನು ತಿರುಗಿಸಿದಳು. ಅಯ್ಯಣ್ಣ ಹುರಿಯ ಉರುಳು ಒಡ್ಡಿದ. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆಯ ಬಡಿತ ಅವಳ ಬೆನ್ನಿಗೇ ಬಡಿದಂತೆ ಕೇಳಿಸಿತು. ಅವನು ಹಕ್ಕಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದ.

ಮೊಟ್ಟೆ ಅಲ್ಲೇ ಇತ್ತು, ಇನ್ನೂ ಬೆಚ್ಚಗೆ. ಸೆರಗಲ್ಲಿಟ್ಟು ತಂದು ನೆರೆಮನೆಯ ದುರುಗಮ್ಮನ ಕಾವಿನ ಕೋಳಿಯ ಕೆಳಗೆ ಇಟ್ಟಳು. ಒಂಬತ್ತನೇ ದಿನ ಮರಿ ಹೊರಬಂತು. ಅದು ಕೋಳಿಮರಿಯಂತೆ ನೆಲ ಕೆದಕಿ ತಿನ್ನಲಿಲ್ಲ; ಅಂಬಮ್ಮನ ಮುಖ ನೋಡಿ ಬಾಯಿ ತೆರೆಯಿತು. ಅವಳು ಮಿಡತೆ ಹಿಡಿದು ಬೆರಳಲ್ಲಿ ತಿನ್ನಿಸಿದಳು. ಎಲ್ಲಿ ಹೋದರೂ ಕಾಲಿಗೆ ತೊಡರುತ್ತ ಹಿಂದೆ ಬರುತ್ತಿತ್ತು. ಹುಟ್ಟಿದ ಹನ್ನೆರಡನೇ ದಿನ ಯಾಕೋ ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ.

ತಾಯಿ ಸಿಕ್ಕರೆ ತಿಂದೀತೆಂದು ಮರಿಯನ್ನು ಪುಟ್ಟಿಯಲ್ಲಿಟ್ಟುಕೊಂಡು, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ತೋಟ ಮುಟ್ಟಿದಳು. ಗೇಟಿನಲ್ಲಿ ಅಯ್ಯಣ್ಣ ಖಾಕಿ ತೊಟ್ಟು ನಿಂತಿದ್ದ.

“ಇದರವ್ವನ ತಾವ ಬಿಡಾಕ ಬಂದೀನಿ. ಎಲ್ಲೈತಿ?”

ಅಯ್ಯಣ್ಣ ನೆಲ ನೋಡಿದ. “ಇಲ್ಲಕ್ಕಾ. ತಂದ ಮೂರನೇ ದಿನಾನ ಹೋತು. ಮಂದಿ ಕಂಡಾಗೆಲ್ಲ ಹಾರಾಕ ಹೋಗಿ ಜಾಲರಿಗೆ ತಲಿ ಬಡಕೊಂತು.”

“ನನಗ್ಯಾಕ ಹೇಳ್ಲಿಲ್ಲ?”

“ಯಾವ ಬಾಯಿಲೆ ಹೇಳ್ಲಿ?”

ಅವನು ಕೊಟ್ಟ ನೀರನ್ನೂ ಕುಡಿಯದೆ ಊರಿಗೆ ಮರಳುವ ಬಸ್ಸು ಹಿಡಿದಳು. ಸಿರುಗುಪ್ಪ ಬರುವ ಮೊದಲೇ ಮರಿಯ ಕತ್ತು ವಾಲಿತು. ಊರು ಬರುವವರೆಗೂ ಪುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ.

ಅಯ್ಯಣ್ಣನ ಮದುವೆಯಲ್ಲಿ ಅವಳೇ ಮುಂದೆ ನಿಂತು ಅಕ್ಕಿಕಾಳು ಹಾಕಿದಳು. ಹಕ್ಕಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹದಿನಾಲ್ಕು ವರ್ಷ ಕಳೆದವು. ಒಂದು ಮಧ್ಯಾಹ್ನ ಜೀಪಿನಲ್ಲಿ ಇಬ್ಬರು ಬಂದು, ಕುರಿ ಮೇಯಿಸುತ್ತಿದ್ದ ಅಂಬಮ್ಮನಿಗೆ ಹಕ್ಕಿಯ ಚಿತ್ರ ತೋರಿಸಿದರು.

“ಅಮ್ಮಾ, ಇದನ್ನ ಎಲ್ಲಾರ ನೋಡೀರೇನ್ರಿ?”

ನಾಲ್ಕು ದಿನದ ಹಿಂದಷ್ಟೇ ಒಂಟಿ ಹೆಣ್ಣೊಂದನ್ನು ಅವಳು ಕಂಡಿದ್ದಳು. ಇವರೂ ಹಿಡಿಯಲು ಬಂದವರೆಂದುಕೊಂಡಳು.

“ಇಲ್ರಿ. ಅವು ಹೋಗಿ ಭಾಳ ವರ್ಷಾತು.”

ಅವರು ಬರೆದುಕೊಂಡು ಹೋದರು. ಹಕ್ಕಿ ಇದೆಯೆಂದು ಗೊತ್ತಾಗಿದ್ದರೆ ಆ ಹುಲ್ಲುಭೂಮಿ ಉಳಿಸಲು ಸರ್ಕಾರಕ್ಕೆ ಬರೆಯುವವರಿದ್ದರಂತೆ. ಅದನ್ನು ದುರುಗಮ್ಮ ಹೇಳಿದ್ದು, ಮರುವರ್ಷ ಟ್ರ್ಯಾಕ್ಟರುಗಳು ಹುಲ್ಲನ್ನೆಲ್ಲ ಮಗುಚಿ ಕಾಲುವೆ ನೀರು ಹಾಯಿಸಿದ ಮೇಲೆ.

ಆ ಸಲ ಅಯ್ಯಣ್ಣ ಊರಿಗೆ ಬಂದಾಗ ಅವಳು ತಾನಾಗಿಯೇ ಬಾಯಿಬಿಟ್ಟಳು.

“ಅವ್ರು ಉಳಸಾಕ ಬಂದೋರಂತ. ನನಗ ಹೆಂಗ ತಿಳಿಬೇಕಿತ್ತೋ ತಮ್ಮಾ?”

ಅಯ್ಯಣ್ಣ ಅಕ್ಕನ ಪಕ್ಕ ಕುಳಿತು ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಬೆನ್ನು ಸವರಿದಳು.

ಮೇಯಿಸಲು ಹುಲ್ಲಿಲ್ಲದೆ ಕುರಿಗಳನ್ನು ಮಾರಿದಳು. ಮಳೆಗಾಲ ಬಂದಾಗ, ಅದೇ ನೆಲದಲ್ಲಿ ಮೊಣಕಾಲುಮಟ್ಟ ಕೆಸರಿಗಿಳಿದು ಭತ್ತದ ನಾಟಿಗೆ ಕೂಲಿ ಹೋದಳು.