ಹಿಮಕ್ಕೆ ಕೊಂಡೊಯ್ದ ತೆಂಗಿನಕಾಯಿ

ಇವತ್ತು ಬೆಳಿಗ್ಗೆ ಬಂಗಡೆ ಸುತ್ತಿಕೊಂಡು ಬಂದ ಪತ್ರಿಕೆಯ ತುಂಡು ಐಸಿನ ನೀರಿಗೆ ನೆನೆದು ಮೆತ್ತಗಾಗಿತ್ತು. ಮೀನನ್ನು ಹೆಂಡತಿಯ ಕೈಗೆ ಕೊಟ್ಟು, ಹಳೆಯ ಚಟದಂತೆ ಕಾಗದವನ್ನು ಬಿಡಿಸಿ ಓದಿದೆ. ಪುಟದ ಕೆಳಗಡೆ ಒಂದು ಚಿಕ್ಕ ಸುದ್ದಿ: ಹಿಮ ತಡ, ಪ್ರವಾಸಿಗರಿಗೆ ನಿರಾಸೆ.

ಕಾರವಾರದ ಪತ್ರಿಕಾ ಕಚೇರಿಯಲ್ಲಿದ್ದಷ್ಟು ಕಾಲ ಈ ಸುದ್ದಿಯನ್ನು ನಾನು ಪ್ರತಿ ಚಳಿಗಾಲವೂ ಹಾಕಿದ್ದೇನೆ. ಜಾಹೀರಾತು ಕೈಕೊಟ್ಟು ಪುಟದಲ್ಲಿ ಜಾಗ ಉಳಿದಾಗ ತುಂಬಲು ಅದು ಹೇಳಿ ಮಾಡಿಸಿದ್ದು. ಜಾಗ ಸಾಲದಿದ್ದರೆ ಕೊನೆಯ ವಾಕ್ಯ ಕತ್ತರಿಸಿದರೂ ಯಾರೂ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಆ ಸುದ್ದಿಯೊಳಗೆ ಹೋಗಿ ನಿಂತೆ, ಬಾಡಿಗೆಯ ಗಂಬೂಟು ಹಾಕಿಕೊಂಡು.

ಹೋದದ್ದು ಶೇವಂತಕ್ಕನಿಗಾಗಿ. ಬೆಳಂಬಾರದವಳು, ಅಂಕೋಲೆಯ ಪೇಟೆಯಲ್ಲಿ ನಮಗೆ ಮೀನು ಕೊಡುವವಳು. ಕಾರವಾರದಿಂದ ಬರುವ ಐಸ್ ಗಡ್ಡೆಯನ್ನು ಒಡೆದು ಮೀನಿನ ಮೇಲೆ ಹರಡುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ಬೆರಳ ತುದಿಗಳು ಮರಗಟ್ಟತೊಡಗಿದ್ದವು. ಒಂದು ದಿನ ಹೇಳಿದಳು: "ಪೇಪರಿನವ್ರೇ, ಜನ್ಮ ಇಡೀ ಮಶೀನಿನ ಐಸ್ ಮುಟ್ಟಿದೆ. ದೇವ್ರು ಮಾಡಿದ ಐಸ್ ಹ್ಯಾಂಗಿರ್ತದೆ ಅಂತ ಒಂದ್ಸಲ ಮುಟ್ಟಿ ನೋಡ್ಬೇಕು. ಬೆರಳಿಗೆ ಇನ್ನೂ ಗೊತ್ತಾಗ್ತಿರೂವಾಗ್ಲೇ."

ನನ್ನ ಹೆಂಡತಿ ಅಲ್ಲೇ ಹ್ಞೂಂ ಎಂದುಬಿಟ್ಟಳು. ಡಿಸೆಂಬರಿನ ಮೊದಲ ವಾರ ಆರಿಸಿದ್ದು ನಾನು. ಸೀಸನ್ ಶುರು, ರಿಯಾಯಿತಿ ಇದೆ, ಜನಜಂಗುಳಿ ಇಲ್ಲ. "ಹಿಮ ಇದ್ದೇ ಇರುತ್ತದೆ" ಎಂದು ಪತ್ರಿಕೆಯವನ ಗತ್ತಿನಲ್ಲಿ ಭರವಸೆಯನ್ನೂ ಕೊಟ್ಟೆ.

ನಾವು ಮೂವರೂ ಉತ್ತರದ ಆ ಗಿರಿಧಾಮ ತಲುಪಿದಾಗ ಅಲ್ಲಿ ಇದ್ದದ್ದು ಕಂದು ಹುಲ್ಲು. ಹಿಮದ ಮೇಲೆ ಜಾರುವ ಇಳಿಜಾರು ನಮ್ಮ ಬೊಬ್ರುವಾಡದ ಬೇಸಿಗೆಯ ಗದ್ದೆಯಂತೆ ಒಣಗಿ ಬಿದ್ದಿತ್ತು. ರೋಪ್‌ವೇಯ ಕುರ್ಚಿಗಳು ಖಾಲಿ ತೂಗುತ್ತಿದ್ದವು. ಕೃತಕ ಹಿಮ ಉಗುಳುವ ಯಂತ್ರವಿತ್ತು. ಅದಕ್ಕೂ ಕೊರೆಯುವ ಚಳಿ ಬೇಕಂತೆ, ಟಾರ್ಪಾಲು ಹೊದ್ದು ಕೂತಿತ್ತು. ಆದರೂ ಬಾಡಿಗೆ ಅಂಗಡಿಯವರು ಬಂದವರಿಗೆಲ್ಲ ದಪ್ಪ ಕೋಟು, ಬೂಟು ತೊಡಿಸುತ್ತಿದ್ದರು. ಗುಲಾಬಿ ಕೋಟಿನ ನವದಂಪತಿ ಹುಲ್ಲಿನ ಮೇಲೆ ಸ್ಕೀ ಹಲಗೆ ಹಿಡಿದು ಫೋಟೊ ತೆಗೆಸಿಕೊಳ್ಳುವುದನ್ನು ಶೇವಂತಕ್ಕ ಬಹಳ ಹೊತ್ತು ನೋಡಿದಳು.

"ಚಡ್ಡಿ ಹಾಕ್ಕೊಂಡು ಈಜೂಕೆ ಬಂದ್ರೆ ಸಮುದ್ರವೇ ಇಲ್ಲ ಅಂದಾಂಗಾಯ್ತು, ಅಲ್ದಾ?"

ನಾವು ಉಳಿದದ್ದು ಸ್ಕೀ ಕಲಿಸುವ ರೋಶನ್ ಎಂಬ ಯುವಕನ ಮನೆಯಲ್ಲಿ. ಕಲಿಸಲು ಹಿಮವಿಲ್ಲದೆ ಅವನು ದಿನವಿಡೀ ಒಲೆಯ ಹತ್ತಿರ ಕೂತು ಫೋನ್ ಎತ್ತುತ್ತಿದ್ದ. ಎಲ್ಲರದೂ ಒಂದೇ ಪ್ರಶ್ನೆ: ಹಿಮ ಬಿತ್ತಾ? ಅವನು ಸುಳ್ಳು ಹೇಳುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಬರಬೇಕಾದವರು ಒಬ್ಬೊಬ್ಬರಾಗಿ ಕಾದಿರಿಸಿದ ಕೋಣೆ ಬೇಡವೆನ್ನುತ್ತಿದ್ದರು.

ಶೇವಂತಕ್ಕನಿಗೆ ಇದು ಗೊತ್ತಿದ್ದ ಸಂಗತಿಯೇ. ತನ್ನ ಪೇಟೆಯ ಹಿಂದಿಯಲ್ಲಿ ಸಮಾಧಾನ ಹೇಳಿದಳು: "ಮಳೆಗಾಲ್ ಮೇ ಹಮಾರಾ ಸಮುದ್ರ ಬಂದ್, ಅಭಿ ತುಮ್ಚಾ ಪಹಾಡ್ ಬಂದ್." ರೋಶನ್ ನಕ್ಕ. "ಅಮ್ಮಾ, ನಿಮ್ಮದು ಯಾವಾಗ ತೆರೆಯುತ್ತದೆ ಅಂತ ನಿಮಗೆ ಗೊತ್ತು. ನಮಗೆ ಈಗೀಗ ಅದೂ ಗೊತ್ತಿಲ್ಲ" ಎಂದ. ನಾನು ಅದನ್ನು ಕನ್ನಡಕ್ಕೆ ತಂದೆ.

"ಬೋಟು ಹೊರಡೂದು ಗೊತ್ತು, ತಮಾ. ಮೀನು ಬರೂದು ಯಾರಿಗೆ ಗೊತ್ತು?"

ಶೇವಂತಕ್ಕನ ಬೆರಳಿನ ಕತೆ ನನ್ನಿಂದ ಕೇಳಿ, ಮರುದಿನ ಅವನು ನಮ್ಮನ್ನು ಜೀಪಿನಲ್ಲಿ ಮೇಲಕ್ಕೆ ಕರೆದೊಯ್ದ. ಬಿಸಿಲು ತಾಗದ ಒಂದು ಸಂದಿಯಲ್ಲಿ ಹೋದ ವರ್ಷದ ಹಿಮ ಕರಗದೆ ಉಳಿದಿತ್ತು. ಬೂದುಬಣ್ಣ, ಮೇಲೆಲ್ಲ ಮಣ್ಣು. "ಮುಟ್ಟಿ ಅಮ್ಮಾ" ಎಂದ. ಶೇವಂತಕ್ಕ ಬಗ್ಗಿ ನೋಡಿದಳು. ಮೀನಿನ ಕಿವಿರು ಎತ್ತಿ ನೋಡುವಾಗಿನ ಅದೇ ನೋಟ.

"ಇದು ಹಳೇ ಮಾಲು" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟು ದೂರ ಬಂದು ಹಾಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನಾನು ಅವಳ ಕಣ್ಣು ತಪ್ಪಿಸಿ ಆ ಹಳೇ ಮಾಲನ್ನೇ ಮುಟ್ಟಿದೆ.

ಹೊರಡುವ ಬೆಳಿಗ್ಗೆ ಅವಳು ಚೀಲದ ತಳದಿಂದ, ಸ್ವೆಟರಿನಲ್ಲಿ ಸುತ್ತಿದ್ದ ತೆಂಗಿನಕಾಯಿ ತೆಗೆದಳು. ಬೆಳಂಬಾರದಿಂದ ಹೊತ್ತು ತಂದದ್ದು. ರೋಶನ್ ಒಡೆಯಲಿಕ್ಕೆಂದು ಕಲ್ಲು ಹಿಡಿದು ಓಡಿಬಂದ.

"ಏ ತಮಾ, ಒಡೀಬೇಡಾ!"

ನೂಲ ಹುಣ್ಣಿಮೆಗೆ ನಮ್ಮ ಕಡೆ ಸಮುದ್ರಕ್ಕೆ ಕಾಯಿ ಬಿಡುತ್ತಾರೆ. ಇಡೀ ಕಾಯಿ, ಒಡೆಯುವುದಿಲ್ಲ. ಹಿಮಕ್ಕೂ ಮೊದಲು ಕಾಯಿ ಕೊಟ್ಟು, ಆಮೇಲೆ ಮುಟ್ಟಬೇಕೆಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಹುಲ್ಲಿನ ಮೇಲೇ ಇಟ್ಟುಬಿಡೋಣ ಎಂದಳು ನನ್ನ ಹೆಂಡತಿ.

"ಒಣಗದ್ದೆಲಿ ಬಲೆ ಬೀಸ್ತ್ರಾ ಯಾರಾದ್ರೂ?" ಎಂದು ಶೇವಂತಕ್ಕ ಕಾಯಿಯನ್ನು ರೋಶನ್‌ನ ಕೈಗಿಟ್ಟಳು. "ಹಿಮ ಬಿದ್ದ ದಿನ ಇಡು. ಜುಟ್ಟು ಮೇಲೆ ಬರ್ಬೇಕು. ಮೊದ್ಲು ಕಾಯಿ, ಕಡೆಗೆ ನಿನ್ನ ಹಲಗೆ." ನಾನು ಅದನ್ನು ಹಿಂದಿಯಲ್ಲಿ ತಿಳಿಸಿದೆ. ರೈಲಿನಲ್ಲಿ ಒಮ್ಮೆ ಅವಳು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡಳು.

ಹಿಮ ಬಿದ್ದದ್ದು ಜನವರಿ ಕಳೆಯುವ ಹೊತ್ತಿಗೆ. ರೋಶನ್ ಫೋಟೊ ಕಳಿಸಿದ: ಬಿಳಿಯ ನಡುವೆ ಕಂದು ಕಾಯಿ, ಜುಟ್ಟು ಮೇಲೆ, ಸುತ್ತ ಒಂದು ಹೆಜ್ಜೆಯ ಗುರುತೂ ಇಲ್ಲ. ಪೇಟೆಗೆ ಒಯ್ದು ತೋರಿಸಿದೆ. ಶೇವಂತಕ್ಕ ಫೋಟೊ ನೋಡುತ್ತಲೇ ಒಂದು ಮುಷ್ಟಿ ಪುಡಿ ಐಸ್ ಎತ್ತಿ ಹಿಸುಕಿದಳು. "ಇದ್ಕಿಂತ ಮೆತ್ತಗಿರ್ಬೇಕು" ಎಂದು ಅದನ್ನು ಪಾಂಪ್ಲೆಟ್ ಮೀನಿನ ಮೇಲೆ ಹರಡಿದಳು. ಮತ್ತೆ ಹೋಗುವ ಮಾತು ಬರಲಿಲ್ಲ; ಅವಳ ಮೊಣಕಾಲು ಕೈಕೊಟ್ಟಿತ್ತು.

ಇವತ್ತು ಆ ಒದ್ದೆ ತುಂಡನ್ನು ಹಿಡಿದು ಮತ್ತೆ ಪೇಟೆಗೆ ಹೋದೆ. ಕೊನೆಯ ವಾಕ್ಯದವರೆಗೂ ಓದಿ ಹೇಳಿದೆ. ಈ ವರ್ಷವೂ ತಡವಂತೆ, ರೋಶನ್‌ಗೆ ಫೋನ್ ಮಾಡಿ ವಿಚಾರಿಸಲೇ ಎಂದೆ.

"ಹಿಮ ಬಿತ್ತಾ ಅಂತ ಮಾತ್ರ ಕೇಳ್ಬೇಡಿ ಮಾರಾಯ್ರೆ. ಎಲ್ಲಾರೂ ಅದೇ ಕೇಳ್ತ್ರು. ಊಟ ಆಯ್ತಾ ಕೇಳಿ."

ಇಡೀ ವೃತ್ತಿಯಲ್ಲಿ ನಾನು ಮೊದಲ ಪ್ರಶ್ನೆಯಾಗಿ ಅದನ್ನು ಯಾರಿಗೂ ಕೇಳಿದವನಲ್ಲ. ಅಲ್ಲೇ ನಿಂತು ಫೋನ್ ಹಚ್ಚಿ ಕೇಳಿದೆ. ರೋಶನ್ "ಆಯ್ತು" ಎಂದ. ಹಿಮದ ಸುದ್ದಿಯನ್ನು ಅವನೂ ಎತ್ತಲಿಲ್ಲ.

"ಅಮ್ಮನ ಬೆರಳು ಹೇಗಿದೆ?" ಎಂದು ಕೇಳಿದ.

ತಿರುಗಿ ನೋಡಿದೆ. ಅವಳ ಎರಡೂ ಕೈ ಮಣಿಕಟ್ಟಿನವರೆಗೆ ಐಸಿನೊಳಗಿದ್ದವು. ನಾನು ಫೋನನ್ನು ಅವಳ ಕಿವಿಗೆ ಹಿಡಿದೆ.