ರಾಹುಕಾಲ ಕಳೆಯಲಿ ಎಂದ ಮಂಗಳವಾರ

ಮೊಮ್ಮಗಳು ಹುಟ್ಟಿದ ಐದನೆಯ ದಿನ, ಮೇ ತಿಂಗಳ ಮಂಗಳವಾರ, ನಂಜನಗೂಡಿನ ಆಸ್ಪತ್ರೆಯಿಂದ ಮಗಳನ್ನೂ ಕೂಸನ್ನೂ ಹೆಮ್ಮರಗಾಲದ ಮನೆಗೆ ಕರೆತರಬೇಕಿತ್ತು. ಮೂರು ಗಂಟೆಗೇ ಆಟೊ ಬಂದಿತ್ತು. ರಾಹುಕಾಲ ಕಳೆಯಲಿ ಎಂದು ನಾನೇ ತಡೆದೆ. ಟಿವಿಯಲ್ಲಿ ಕರಾವಳಿಗೆ, ಕೊಡಗಿನ ಬೆಟ್ಟಕ್ಕೆ ಮಳೆ ಎಂದಿದ್ದರು. ರಾಜಸ್ಥಾನದ ಮರುಭೂಮಿಗೆ ಬಿಸಿಗಾಳಿಯಂತೆ. ನಮ್ಮ ಕಡೆಯ ಮಾತೇ ಇರಲಿಲ್ಲ.

ನಾಲ್ಕೂವರೆಗೆ ಹೊರಟು ಊರು ದಾಟುತ್ತಲೇ ಆಕಾಶ ಕಪ್ಪಾಯಿತು. ಗಾಳಿಗೆ ಆಟೊ ಓಲಾಡಿತು, ಮಳೆ ಎರಡೂ ಕಡೆಯಿಂದ ನುಗ್ಗಿತು. ಹುಣಸೆಯ ಕೊಂಬೆಯೊಂದು ಮುಂದೆಯೇ ಮುರಿದು ಬಿತ್ತು. ಕೂಸನ್ನು ಸೆರಗಿನೊಳಗೆ ಅವುಚಿಕೊಂಡೆ.

"ಟಿವಿಯೋರು ನಮ್ಮೂರ್ನ ಮರ್ತವ್ರೆ ಕಣಮ್ಮೋ, ಮಳೆ ಮರ್ತಿಲ್ಲ," ಎಂದ ಡ್ರೈವರ್, ಕೊಂಬೆ ಎಳೆದುಹಾಕಿ ಬಂದು.

"ಬಾಯ್ ಮುಚ್ಕೊಂಡು ಓಡ್ಸಪ್ಪ!" ಎಂದೆ.

"ಮೂರ್ ಗಂಟೇಗೇ ಒಂಟಿದ್ರೆ ಮನೇಲಿರ್ತಿದ್ವಿ. ನಿನ್ ರಾಹುಕಾಲ್ಕಿಷ್ಟು ಬೆಂಕಿ ಆಕವ್ವ!" ಎಂದು ಮಗಳು ಅತ್ತಳು.

ಮನೆಬಾಗಿಲಲ್ಲಿ ನಾದಿನಿ ಹಿಡಿದು ನಿಂತಿದ್ದ ಆರತಿ ಗಾಳಿಗೆ ಆರಿತು. ಮತ್ತೆ ಹಚ್ಚುವುದಕ್ಕೆ ಬೆಂಕಿಪೊಟ್ಟಣ ಹುಡುಕತೊಡಗಿದಳು.

"ಬುಡವ್ವ ಅತ್ಲಾಗೆ, ದಾರಿ ಬುಡು!" ಎಂದು ಆರತಿಯಿಲ್ಲದೆಯೇ ಒಳಗೆ ನುಗ್ಗಿದೆ.

ಸೆರಗು ಸರಿಸಿದರೆ, ಕೂಸು ಒಂದು ಹನಿಯೂ ನೆನೆಯದೆ ಆಕಳಿಸುತ್ತಿತ್ತು. ತೊಯ್ದು ತೊಪ್ಪೆಯಾಗಿದ್ದ ನಾನು ನಗುತ್ತಾ ಅಳುತ್ತಾ ಅದರ ಪುಟ್ಟ ಪಾದಕ್ಕೆ ಮುತ್ತಿಟ್ಟೆ.